ಕೆನೆತ್ ದೊರೆಯ ಕಿರೀಟ

ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನ ಸೋಮಲಿಂಗಪ್ಪನವರು ಮೂವತ್ತೊಂದು ವರ್ಷ ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದವರು. ಆದರೆ ‘ನೀವು ಯಾರು’ ಎಂದು ಕೇಳಿದರೆ ಲಿಫ್ಟಿನ ಮಾತೇ ಅವರ ಬಾಯಿಗೆ ಬರುತ್ತಿರಲಿಲ್ಲ. “ನಾವು ದೊಡ್ಡಾಟದವರ್ರೀ” ಎನ್ನುತ್ತಿದ್ದರು. ಮುಧೋಳದ ಕಡೆಯ ಊರಲ್ಲಿ ಅವರ ಅಪ್ಪ ದೊಡ್ಡಾಟ ಕಲಿಸುವ ಮಾಸ್ತರರಾಗಿದ್ದರು. ಅಪ್ಪನ ಕಿರೀಟವನ್ನು ಮಗ ಸೀರೆಯಲ್ಲಿ ಸುತ್ತಿ ವಿಮಾನದಲ್ಲಿ ಮಡಿಲಲ್ಲಿಟ್ಟುಕೊಂಡೇ ತಂದಿದ್ದರು.

ಒಮ್ಮೆ ಬಸ್ ಟ್ರಿಪ್ಪಿನಲ್ಲಿ ಸ್ಕಾಟ್ಲೆಂಡಿಗೆ ಹೋದಾಗ ಒಂದು ಪಾಳು ಕೋಟೆ ನೋಡಿದರು. ಗೈಡ್ ಹೇಳಿದ್ದು ಅರ್ಧ, ಇವರು ಸೇರಿಸಿದ್ದು ಉಳಿದರ್ಧ. ಹಾಗೆ ಹುಟ್ಟಿತು ‘ಕೆನೆತ್ ದೊರೆಯ ಗರ್ವಭಂಗ’. ಏಳುನೂರು ವರ್ಷದ ಹಿಂದಿನ ಜಹಗೀರುದಾರ ಈ ಕೆನೆತ್. ಅರಸನ ಮುಂದೆಯೂ ತಲೆಬಾಗದೆ, ತಮ್ಮನ ಸೀಮೆ ನುಂಗಿ, ಕೊನೆಗೆ ಎಲ್ಲ ಕಳೆದುಕೊಂಡು ಸೆರೆಮನೆಯಲ್ಲಿ ಮಂಡಿಯೂರಿ ನೀರು ಬೇಡುವವನು. ಕೆಳಗೆ ಸ್ಕಾಟ್ಲೆಂಡಿನ ಚೌಕಳಿ ಲಂಗ, ಮೇಲೆ ನಮ್ಮ ಭುಜಕೀರ್ತಿ. ಹನ್ನೆರಡು ವರ್ಷದಿಂದ ಅಲ್ಲಿನ ಕನ್ನಡಿಗರ ರಾಜ್ಯೋತ್ಸವಕ್ಕೆ ಅದೇ ಆಟ, ಕೆನೆತ್ ಕೂಡ ಅವರೇ.

ಸಾರಥಿಯ ಪಾತ್ರ ಹತ್ತಿರದ ವಿದನ್‌ಶಾದಲ್ಲಿರುವ ಡಾಕ್ಟರ್ ಇನಾಯತ್ ಅವರದು, ಮೂಲತಃ ವಿಜಯಪುರದವರು. ದೊಡ್ಡಾಟದಲ್ಲಿ ಪಾತ್ರಧಾರಿ ರಂಗಕ್ಕೆ ಬಂದ ಕೂಡಲೇ ಸಾರಥಿ ‘ತಾವು ಧಾರು?’ ಎಂದು ಕೇಳಬೇಕು. ಪಾತ್ರಧಾರಿ ಕುಣಿದು ತನ್ನ ಹೆಸರು, ಪರಾಕ್ರಮ ಕೊಚ್ಚಿಕೊಳ್ಳಬೇಕು. ಜನ ಸಾಲದ್ದಕ್ಕೆ ಸೆರೆಮನೆಯ ಕಾವಲುಗಾರನೂ ಇನಾಯತರೇ. ಹನ್ನೆರಡು ವರ್ಷ ಅವರು ಕೇಳಿದ್ದೇ ಕೇಳಿದ್ದು. ಅವರನ್ನು ಯಾರೂ ಒಮ್ಮೆಯೂ ಕೇಳಲಿಲ್ಲ.

ಈ ವರ್ಷ ಸೋಮಲಿಂಗಪ್ಪನವರ ಮೊಣಕಾಲು ಕೈಕೊಟ್ಟಿತು. ಆಪರೇಷನ್ ಆಗುವವರೆಗೆ ಮಂಡಿಯೂರಲೇಬಾರದು ಎಂದು ಜಿಪಿ ವೈದ್ಯರು ಎಚ್ಚರಿಸಿದ್ದರು.

“ಈ ಸಲ ಇನಾಯತ್ ಸಾಹೇಬ್ರಿಗೆ ಕಿರೀಟ ಕೊಡ್ರಿ. ಎಲ್ಲಾ ಮಾತು ಅವ್ರಿಗೂ ಬಾಯಿಪಾಠ ಅದಾವು,” ಎಂದರು ಹೆಂಡತಿ ಬಸಮ್ಮ.

“ಕಿರೀಟ ಕೊಟ್ಟ ಮ್ಯಾಲೆ ನಾ ಯಾರು? ಲಿಫ್ಟ್ ರಿಪೇರಿ ಸೋಮ್ಯಾ?”

“ಹಂಗಾದ್ರ ಕಡೀಗೆ ಕುರ್ಚಿ ಮ್ಯಾಲೆ ಕುಂತು ನೀರು ಬೇಡ್ರಿ.”

“ಕುರ್ಚಿ ಮ್ಯಾಲೆ ಕುಂತು ಯಾವ ದೊರಿ ಸೋತಾನ?”

ತಾವೇ ಬರೆದ ಆಟದಲ್ಲಿ ತಾವೇ ಸಿಕ್ಕಿಬಿದ್ದ ಇಂಥ ಹಟಮಾರಿಯನ್ನು ಬೈಯಬೇಕೋ ಮುದ್ದಾಡಬೇಕೋ ಹೇಳುವುದು ಕಷ್ಟ. ಬಸಮ್ಮ ಎರಡನ್ನೂ ಬಿಟ್ಟು ಕಾಲಿಗೆ ಎಣ್ಣೆ ಹಚ್ಚಿದರು.

ರಾಜ್ಯೋತ್ಸವದ ಭಾನುವಾರ ಮಧ್ಯಾಹ್ನ ಚರ್ಚಿನ ಹಾಲ್ ತುಂಬಿತ್ತು. ಕಿರೀಟ ತಲೆಗೇರಿದ್ದೇ ತಡ, ಸೋಮಲಿಂಗಪ್ಪನವರು ನೋವು ಮರೆತರು. ಕುಣಿದರು, ಗುಡುಗಿದರು, ತಮ್ಮನ ಸೀಮೆಯನ್ನೂ ನುಂಗಿದರು. ಸೆರೆಮನೆಗೆ ಬಂದಾಗ ಧೊಪ್ಪನೆ ಮಂಡಿಯೂರಿದರು.

“ಕಾವಲುಗಾರಾ, ಒಂದು ಗುಟುಕು ನೀರು!”

ಕಾವಲುಗಾರ ಇಲ್ಲವೆನ್ನಬೇಕು, ದೊರೆ ಎದ್ದು ತಲೆಯೆತ್ತಿ ಸಾವಿನ ಕಡೆ ನಡೆಯಬೇಕು, ಆಟ ಇದ್ದದ್ದು ಹಾಗೆ. ಇನಾಯತರು ಇಲ್ಲವೆಂದರು. ದೊರೆ ಏಳಲಿಲ್ಲ. ಮತ್ತೊಮ್ಮೆ ನೀರು ಕೇಳಿದರು. ಈ ಸಲ ಧ್ವನಿ ಕೆನೆತ್ ದೊರೆಯದಾಗಿರಲಿಲ್ಲ. ಬೆವರಿಗೆ ಮುಖದ ಬಣ್ಣ ಇಳಿಯುತ್ತಿತ್ತು. ಎಂಥ ಅಭಿನಯ ಎಂದು ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಬಸಮ್ಮ ಎದ್ದು ನಿಂತರು.

ಇನಾಯತರು ಈಟಿ ಕೆಳಗಿಟ್ಟರು. ಆಟದಲ್ಲಿಲ್ಲದ ನೀರಿನ ಬಾಟಲಿ ತಂದು, ಪಕ್ಕದಲ್ಲೇ ಮಂಡಿಯೂರಿ ಕುಡಿಸಿದರು.

“ನನ್ನ ಹೆಗಲು ಹಿಡೀರಿ, ಮಾಸ್ತರ,” ಎಂದು ಪಿಸುಗುಟ್ಟಿದರು.

“ಮಂದಿ ನೋಡ್ತಾರ, ಸಾಹೇಬ್ರ.”

“ನೋಡ್ಲಿ ಬಿಡ್ರಿ.”

ಸೋಮಲಿಂಗಪ್ಪನವರು ಹೆಗಲು ಹಿಡಿದು ಎದ್ದರು. ಅಷ್ಟರಲ್ಲಿ ಬಸಮ್ಮ ತಂದಿಟ್ಟಿದ್ದ ಕುರ್ಚಿಯ ಮೇಲೆ ಕುಳಿತರು. ಕಿರೀಟ ತೆಗೆದು ಸ್ವಲ್ಪ ಹೊತ್ತು ತೊಡೆಯ ಮೇಲಿಟ್ಟುಕೊಂಡರು. ಇದು ಇಲ್ಲದೆ ತಾನು ಯಾರೂ ಅಲ್ಲ ಎಂಬ ಭಯ ಅವರಿಗೆ ಆಗಲೂ ಹೋಗಿರಲಿಲ್ಲ. ಆದರೂ ಅದನ್ನೆತ್ತಿ ಇನಾಯತರ ತಲೆಗಿಟ್ಟರು.

“ಭಲಾ! ತಾವು ಧಾರು? ತಮ್ಮ ನಾಮಾಂಕಿತವೇನು?” ಎಂದು ಕೇಳಿದರು.

ಇನಾಯತರ ಕಣ್ಣು ತುಂಬಿ ಬಂತು. ಮೂರು ಹೆಜ್ಜೆ ಕುಣಿದು, ಕುರ್ಚಿಯ ಕಡೆ ತಿರುಗಿ ಎದೆಯುಬ್ಬಿಸಿದರು.

“ನಾವು ಧಾರೆಂದರೆ, ಕೇಳೈ ಸಾರಥೀ...”

ಸಾರಥಿ ಕುರ್ಚಿಯಲ್ಲೇ ನೆಟ್ಟಗಾಗಿ ತಾಳ ಹಾಕತೊಡಗಿದರು.