ಎಡೆಯ ಪಕ್ಕ ಇಟ್ಟ ಫೋನು

ಸತ್ತವರು ಬಂದು ಉಂಡು ಹೋಗುತ್ತಾರೆ ಎಂಬುದನ್ನು ನಾನು ನಂಬಿದವಳಲ್ಲ. ಪಿತೃಪಕ್ಷದಲ್ಲಿ ಅತ್ತೆ ಮಾವನಿಗೆ ವರ್ಷವರ್ಷವೂ ಎಡೆ ಇಟ್ಟಿದ್ದೇನೆ. ಅವರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ, ಎಲ್ಲರ ಜೊತೆ ಅಂಗಳದಲ್ಲಿ ನಿಂತಿದ್ದೇನೆ. ಒಳಗೆ ಹೋಗಿ ನೋಡಿದರೆ ಒಂದು ಅಗುಳೂ ಕಮ್ಮಿಯಾಗಿರುತ್ತಿರಲಿಲ್ಲ. ಆಮೇಲೆ ನಾವೇ ತಿನ್ನುತ್ತಿದ್ದೆವು. ನಾನು ಓದಿದ್ದು ನಾಲ್ಕನೇ ಕ್ಲಾಸು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಮ್ಮದು ಕಾಡುಗೋಡಿ. ನಮ್ಮ ಯಜಮಾನರು ವೈಟ್‌ಫೀಲ್ಡಿನ ಒಂದು ದೊಡ್ಡ ಆಫೀಸು ಕಟ್ಟಡದಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ಹೋಗುತ್ತಿದ್ದರು. ನೆಲದಿಂದ ಮೂರು ಅಂತಸ್ತು ಕೆಳಗೆ, ಕಾರು ನಿಲ್ಲಿಸುವ ಜಾಗ. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಟ್ಯೂಬ್‌ಲೈಟು. ಬಿಸಿಲು ಮಳೆ ಎರಡೂ ಗೊತ್ತಾಗುವುದಿಲ್ಲ, ಫೋನಿಗೆ ಸಿಗ್ನಲ್ಲೂ ಬರುವುದಿಲ್ಲ. ನೆಟ್ ಇರುವಾಗ ಹಾಡು ಇಳಿಸಿಟ್ಟುಕೊಂಡರೆ ಇಲ್ಲದ ಕಡೆಯೂ ಕೇಳಬಹುದು ಎಂದು ನಮ್ಮ ಸೊಸೆ ಮಂಜುಳಾ ಒಂದು ಆ್ಯಪ್ ಹಾಕಿಕೊಟ್ಟಿದ್ದಳು. ರಜೆಯ ದಿನ ಅವಳ ಪಕ್ಕ ಕೂತುಬಿಡುತ್ತಿದ್ದರು.

"ಇನ್ನೊಂದ್ ಹತ್ತು ತುಂಬ್ಸವ್ವ, ವಾರದ್ ಮೇವು ಆಗ್ಬೇಕಲ್ಲ."

ಅದರಲ್ಲಿ ಒಂದು ಹಳೆಯ ಸಿನಿಮಾ ಹಾಡಿತ್ತು. ಶುರುವಿನಲ್ಲಿ ಉದ್ದಕ್ಕೆ ಕೊಳಲು ಬರುತ್ತದೆ. ನಾನು ಜಗಳವಾಡಿ ಮಾತು ಬಿಟ್ಟರೆ ಅವರು ಅಡುಗೆಮನೆ ಬಾಗಿಲಲ್ಲಿ ನಿಂತು ಆ ಹಾಡನ್ನೇ ಹಾಕುತ್ತಿದ್ದರು. ಅವರ ಪ್ರಕಾರ ಅಲ್ಲಿಗೆ ಜಗಳ ಮುಗಿಯಿತು. ನನಗೆ ಅದು ಕೆಣಕಿದ ಹಾಗೆ ಆಗುತ್ತಿತ್ತು. ದೋಸೆ ಮಗುಚುವ ಮೊಗಚೆಕಾಯಿ ತೋರಿಸಿ ಓಡಿಸುತ್ತಿದ್ದೆ.

ಒಂದು ಬೆಳಿಗ್ಗೆ ಅವರು ಸ್ನಾನಕ್ಕೆ ಹೋಗಿದ್ದರು. ನನ್ನ ತಂಗಿಯ ಮೊಮ್ಮಗುವಿನ ನಾಮಕರಣದ ವಿಡಿಯೋ ಅವರ ಫೋನಿಗೆ ಬಂದಿತ್ತು, ತೆರೆಯಲಿಲ್ಲ. ಜಾಗ ತುಂಬಿದೆ ಎನ್ನುವುದಕ್ಕೆ ಬರುವ ಗುರುತು ನನಗೆ ಗೊತ್ತಿತ್ತು. ಮಂಜುಳಾ ತನ್ನ ಫೋನಿನಲ್ಲಿ ಆಗ ಏನು ಒತ್ತುತ್ತಾಳೆ ಎಂದೂ ನೋಡಿದ್ದೆ. ಅದನ್ನೇ ಒತ್ತಿದೆ. ವಿಡಿಯೋ ಬಂತು. ಯಾಕೋ ಅನುಮಾನವಾಗಿ ಹಾಡಿನ ಆ್ಯಪ್ ತೆರೆದರೆ, ಸಾಲಾಗಿ ಇರುತ್ತಿದ್ದ ಪುಟ್ಟ ಚಿತ್ರಗಳು ಒಂದೂ ಇಲ್ಲ. ಬರೀ ಖಾಲಿ ಹಾಳೆ.

ಹೇಳಲಿಲ್ಲ. ಹೇಳಿದರೆ ಕೂಗಾಡುತ್ತಾರೆ, ಡ್ಯೂಟಿಗೆ ತಡವಾಗುತ್ತದೆ, ಸಂಜೆ ಹೇಳಿದರಾಯಿತು ಎಂದುಕೊಂಡೆ. ಊಟದ ಡಬ್ಬಿ ಕೈಗೆ ಕೊಟ್ಟು ಕಳಿಸಿದೆ.

ಆ ಮಧ್ಯಾಹ್ನವೇ ಅವರು ಕುರ್ಚಿಯಲ್ಲಿ ಕೂತ ಹಾಗೇ ಹೋಗಿಬಿಟ್ಟಿದ್ದರು. ಎದೆ ನೋವಂತೆ. ಕಾರು ತೆಗೆಯಲು ಬಂದ ಒಬ್ಬ ಡ್ರೈವರ್ ನೋಡಿದ್ದು. "ಕಿವೀಲಿ ಇಯರ್‌ಫೋನ್ ಇತ್ತಮ್ಮ, ಹಾಡು ಕೇಳ್ತಾ ನಿದ್ದೆ ಮಾಡವ್ರೆ ಅಂದ್ಕೊಂಡೆ" ಎಂದ ಅವನು. ಎಲ್ಲರೂ, ಪುಣ್ಯವಂತ, ಹಾಡು ಕೇಳುತ್ತಾ ಹೋದ ಎಂದರು. ಕೇಳುವುದಕ್ಕೆ ಆ ಫೋನಿನಲ್ಲಿ ಏನೂ ಇರಲಿಲ್ಲ. ಅದು ನನಗೊಬ್ಬಳಿಗೇ ಗೊತ್ತಿತ್ತು.

ಅವರಿಗೆ ಮೊದಲ ಸಲ ಎಡೆ ಇಟ್ಟ ವರ್ಷದ ಮಾತು ಇದು. ಮುದ್ದೆ, ಮಟನ್ ಸಾರು, ವಡೆ, ಒಂದು ಕಟ್ಟು ಬೀಡಿ, ಹೊಸ ಪಂಚೆ. ಇಷ್ಟದ್ದೆಲ್ಲ ಇಡಬೇಕೆಂದು ಮಂಜುಳಾ ಆ ಫೋನನ್ನೂ ಚಾರ್ಜ್ ಮಾಡಿ ತಂದು ಇಟ್ಟಳು. ಸಿಮ್ಮನ್ನು ನನ್ನ ಮಗ ಎಂದೋ ತೆಗೆದುಕೊಂಡಿದ್ದ.

ನನ್ನ ಮೈದುನನಿಗೆ ನಗು. "ಏನತ್ತಿಗೆ, ಅಣ್ಣಂಗೆ ಬೇಸ್‌ಮೆಂಟಲ್ಲೇ ಸಿಗ್ನಲ್ ಬರ್ತಿರ್ಲಿಲ್ಲ, ಇನ್ನ ಅಲ್ಲಿ ಬರ್ತದಾ?"

"ನೀನು ಹೋದ್ಮೇಲೆ ನೋಡಿ ಹೇಳು" ಎಂದೆ. ಎಲ್ಲರೂ ನಕ್ಕರು.

ಬಾಗಿಲು ಮುಚ್ಚಿ ಹೊರಗೆ ನಿಂತೆವು. ಮಟಮಟ ಮಧ್ಯಾಹ್ನ. ಬೆಳಿಗ್ಗೆ ನಾಲ್ಕಕ್ಕೆ ಎದ್ದವಳು, ಕಾಲು ಸೋತು ಜಗುಲಿಗೆ ಒರಗಿದ್ದೆ. ಒಳಗೆ ಕೊಳಲು ಶುರುವಾಯಿತು.

ಪಕ್ಕದ ಮನೆಯದಿರಬೇಕೆಂದು ಅತ್ತ ನೋಡಿದೆ, ಅಲ್ಲಿ ಬೀಗ ಹಾಕಿತ್ತು. ಮೈದುನ ಬಾಗಿಲ ಕಡೆ ತಿರುಗಿದ. ಮಂಜುಳಾ ನನ್ನ ಕೈ ಹಿಡಿದಳು. ಕೊಳಲು ಮುಗಿದು ಅದೇ ಹಾಡು ಎರಡು ಸಾಲು ಬಂತು. ಮಗ ಪದ್ಧತಿಯಂತೆ ಬಾಗಿಲು ತಟ್ಟಿ ತೆರೆದ. ತಟ್ಟಿದ ಕೂಡಲೇ ನಿಂತಿತು. ಊದುಬತ್ತಿ ಉರಿಯುತ್ತಿತ್ತು, ಒಳಗೆ ಇಲಿ ಬೆಕ್ಕು ಏನೂ ಇರಲಿಲ್ಲ. ಫೋನು ಇಟ್ಟಲ್ಲೇ ಇತ್ತು. ಮಂಜುಳಾ ಆ್ಯಪ್ ತೆರೆದಳು. ಅದೇ ಖಾಲಿ ಹಾಳೆ, ಇಂಟರ್ನೆಟ್ ಇಲ್ಲ ಎಂಬ ಬರಹ.

"ಅಳಿಸಿದ್ರೂ ಒಂದೊಂದು ಹಾಡು ಒಳಗೆ ಉಳ್ಕೊಂಡಿರ್ತದೆ ಅತ್ತೆ, ಅದೇ ಇರ್ಬೇಕು" ಎಂದಳು. ಯಾರು ಅಳಿಸಿದ್ದು ಎಂದು ಅವಳು ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ.

ಎರಡು ವರ್ಷ ಕಳೆದ ಮೇಲೆ, ನನ್ನ ಫೋನಿನಲ್ಲಿ ಜಾಗ ಇಲ್ಲ ಎಂದು ಸುಳ್ಳು ಹೇಳಿ, ಅವತ್ತು ಒತ್ತಿದ್ದನ್ನೇ ಅವಳಿಗೆ ತೋರಿಸಿ ಕೇಳಿದೆ. "ಇದನ್ನ ಒತ್ತಿದ್ರೆ ಒಳಗೆ ಚೂರೂ ಉಳಿಯಲ್ಲ ಅತ್ತೆ. ಯಾಕೆ?" ಎಂದಳು. "ಸುಮ್ನೆ" ಎಂದೆ. ಈಗ ಇದನ್ನು ಓದಿದರೆ ಅವಳಿಗೆ ತಿಳಿಯುತ್ತದೆ, ತಿಳಿಯಲಿ.

ಹಾಡು ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಅದಕ್ಕಿಂತ ಹೆಚ್ಚಾಗಿ, ಜಗಳ ಮುಗಿಯಿತು ಎಂದು ಹಾಕಿದರೋ, ನೀನು ಮಾಡಿದ್ದು ಗೊತ್ತಾಯಿತು ಎಂದು ಕೆಣಕಿದರೋ, ಅದು ಗೊತ್ತಿಲ್ಲ. ಯೋಚಿಸಿ ಯೋಚಿಸಿ ಸಾಕಾಗಿದೆ.

ಆ ಫೋನು ಈಗ ಆನ್ ಆಗುವುದಿಲ್ಲ, ಬ್ಯಾಟರಿ ಊದಿಕೊಂಡಿದೆ. ಆದರೂ ಎಡೆಯ ಪಕ್ಕ ಇಡುತ್ತೇನೆ. ಮಂಡಿ ನೋವಿನಲ್ಲಿ ಬಹಳ ಹೊತ್ತು ನಿಲ್ಲಲಾಗುವುದಿಲ್ಲ. ಹಸಿವಾಗಿ ಮೈದುನ, ಸಾಕು ತೆಗೀರಿ ಬಾಗಿಲು ಎಂದು ಅವಸರ ಮಾಡುತ್ತಾನೆ.

"ಇನ್ನೊಂದ್ ಗಳಿಗೆ ಇರಪ್ಪ" ಎನ್ನುವವಳು ನಾನೇ.