ತೆರೆದ ಬಟ್ಟಲ ಮುಂದೆ ಕೊಟ್ಟ ನೀರು

ಮಾವಿ ದ್ವೀಪದ ಆ ಕಣಿವೆಯಲ್ಲಿ ಮೆಲೆಯಾನಾ ಕುಟ್ಟಿದ ಪೋಯಿ ತಿನ್ನದವರು ಕಡಿಮೆ. ಕೆಸುವಿನ ಗಡ್ಡೆ ಬೇಯಿಸಿ, ಹಲಗೆಯ ಮೇಲೆ ಕಲ್ಲಿನಿಂದ ಕುಟ್ಟಿ, ಸ್ವಲ್ಪ ಸ್ವಲ್ಪವೇ ನೀರು ಸೇರಿಸುವಳು. ಬೆರಳಿಗೆ ಅಂಟಿಕೊಂಡು ಬರಬೇಕು, ಸುರಿಯಬಾರದು; ಅದರಲ್ಲಿ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಗಂಡ ಕನಿಹೋ ಕಣಿವೆಯ ಹೊಳೆಯ ನೀರುಗಂಟಿ, ಗದ್ದೆಗಳಿಗೆ ನೀರು ಹಂಚುವವನು. ಕಾಲುವೆಯ ಹೂಳೆತ್ತಲು ಯಾರು ಇಳಿಯುತ್ತಾರೋ ಅವರ ಗದ್ದೆಗೆ ನೀರು, ಅಷ್ಟೇ ಅವನ ಕಾನೂನು.

ವಾಲಕಾ ಅವಳು ಮೊಲೆಯೂಡಿಸಿದ ಮಗ. ಅವನ ತಂದೆ ಅಮೆರಿಕದಿಂದ ಬಂದು ಕಬ್ಬಿನ ತೋಟ ಮಾಡಿದವನು. ತಾಯಿ ಹೆರಿಗೆಯಲ್ಲೇ ಹೋದಳು. ಅದೇ ತಿಂಗಳು ಮೆಲೆಯಾನಾಳ ಕೂಸು ತೀರಿಕೊಂಡಿತ್ತು. ಬಿಳಿಯರು ವಾಲ್ಟರ್ ಎಂದು ಹೆಸರಿಟ್ಟ ಮಗುವನ್ನು ಅವಳು ಎದೆಗೆ ಹಾಕಿಕೊಂಡು ವಾಲಕಾ ಎಂದು ಕರೆದಳು.

ತಂದೆ ಸತ್ತು ತೋಟ ಕೈಗೆ ಬಂದ ವರ್ಷ ಅವನು ಚಾಪೆಯ ಮೇಲೆ ಕೂತು, ಪೋಯಿ ಬಟ್ಟಲಿಗೆ ಬೆರಳದ್ದಿ ಕೇಳಿದ.

"ಅವ್ವ, ರಾತ್ರಿ ಹೊತ್ತು ಹೊಳೇನ ನನ್ನ ಕಬ್ಬಿಗೆ ಬಿಡಿಸು. ನೀವೆಲ್ಲ ಮಲಗಿರ್ತೀರ, ನೀರು ಸುಮ್ನೆ ಸಮುದ್ರಕ್ಕೆ ಹೋಗುತ್ತೆ. ಹಗಲು ನಿಮ್ದೇ."

"ಕೆಸುವು ಮಲಗಲ್ಲ ಕಣೋ," ಎಂದ ಕನಿಹೋ. "ನೀರು ನಿಂತು ಬಿಸಿಯಾದ್ರೆ ಗಡ್ಡೆ ಕೊಳೆಯುತ್ತೆ."

ಪೋಯಿ ಬಟ್ಟಲು ತೆರೆದಿರುವಾಗ ಅಲ್ಲಿ ಯಾರೂ ಜಗಳದ ಮಾತು ಎತ್ತುವುದಿಲ್ಲ. ಅವರ ಹಳೆಯ ಕಥೆಯಲ್ಲಿ ಕೆಸುವು ಕುಲಕ್ಕೇ ಹಿರಿಯಣ್ಣ. ಅವನ ಎದುರು ಹಾಗೆ ಆಡಬಾರದು. ಮುಚ್ಚಳ ಹಾಕಿದ ಮೇಲೆ ಬೇಕಾದರೆ ಹೊಡೆದಾಡಬಹುದು. ಕನಿಹೋ ಮುಚ್ಚಳದ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ. ಅವಳು ಮುಚ್ಚಲಿಲ್ಲ. ಬಟ್ಟಲ ಮುಂದೆ ಕೂತು ಆಡಿದ ಮಾತು, ಮಗ ಅದಕ್ಕೆ ತಪ್ಪುವುದಿಲ್ಲ ಎಂದುಕೊಂಡಿದ್ದಳು.

"ಹಗಲು ನಮ್ದು ಅಂದಿದಾನಲ್ಲ, ಕೊಟ್ಬಿಡು," ಎಂದಳು.

ಮೊದಲು ರಾತ್ರಿಯ ನೀರು ಹೋಯಿತು. ಆಮೇಲೆ ವಾಲಕಾ ಗುಡ್ಡದ ಮೇಲೆ ಹೊಸ ಕಾಲುವೆ ತೋಡಿಸಿದ; ಹಗಲಿನದೂ ಅತ್ತಲೇ ತಿರುಗಿತು. ಕೇಳಲು ಹೋದರೆ ತೋಟದ ಮೇಸ್ತ್ರಿ ಬಾಗಿಲಲ್ಲೇ ತಡೆದ. ಗದ್ದೆ ಬಿರುಕು ಬಿಟ್ಟಿತು. ಆಗ ದ್ವೀಪಗಳನ್ನು ಆಳುತ್ತಿದ್ದವಳು ರಾಣಿ; ಅವಳ ಕಡೆಯ ನೀರಿನ ಅಧಿಕಾರಿಗೆ ಕನಿಹೋ ದೂರು ಕೊಟ್ಟ. ಅಧಿಕಾರಿ ಬಂದು ಎರಡೂ ಕಾಲುವೆ ನಡೆದು ನೋಡಿ, "ನೀರು ನಿಮ್ದೇ ಕಣಯ್ಯ. ಹೊಸ ವರ್ಷ ಕಳೀಲಿ, ತೀರ್ಪು ಓದ್ತೀನಿ," ಎಂದು ಹೇಳಿ ಹೋದ.

ಹೊಸ ವರ್ಷದ ಮೊದಲ ತಿಂಗಳೇ ಹೊನೊಲುಲುವಿನಿಂದ ಸುದ್ದಿ ಬಂತು. ಸಕ್ಕರೆಯವರೂ ಅವರ ವಕೀಲರೂ ಬಂದೂಕು ಹಿಡಿದು ಸೇರಿದ್ದರು, ಅಮೆರಿಕದ ಹಡಗಿನಿಂದ ಸಿಪಾಯಿಗಳು ಇಳಿದಿದ್ದರು, ರಾಣಿ ಪಟ್ಟದಿಂದ ಇಳಿದಿದ್ದಳು. ತೀರ್ಪು ಓದಬೇಕಾದ ಅಧಿಕಾರಿಯ ಕುರ್ಚಿಯಲ್ಲಿ ತೋಟದವರ ಕಡೆಯವನು ಕೂತ. ಬಂದೂಕು ಹಿಡಿದವರಲ್ಲಿ ವಾಲಕಾನೂ ಇದ್ದ.

"ನಿನ್ನ ಮಗ ದೊಡ್ಡೋನಾದ," ಎಂದ ಕನಿಹೋ. "ಹೊಳೆ ಸಾಲ್ದು ಅಂತ ದೇಶಾನೇ ಕುಡಿದ್ಬಿಟ್ಟ."

ವಾಲಕಾ ಬಂದಾಗ ಅವಳು ಬಾಗಿಲಲ್ಲೇ ನಿಂತು ಯಾಕೆ ಹೀಗೆ ಮಾಡಿದೆ ಎಂದು ಕೇಳಿದಳು. ಅವನು ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದ.

"ಅಮೆರಿಕದ ಸರ್ಕಾರ ಅವರ ನೆಲದ ಸಕ್ಕರೆಗೆ ಮಾತ್ರ ದುಡ್ಡಿನ ಆಸರೆ ಕೊಡುತ್ತೆ ಅವ್ವ. ನಾವು ಹೊರಗಿನೋರು. ಈ ದ್ವೀಪಾನೂ ಅವರದೇ ಆಗ್ಬಿಟ್ರೆ ತೋಟ ಉಳಿಯುತ್ತೆ."

"ನಿನ್ನ ಸಕ್ಕರೆ ಮಾರೋಕೆ ನಮ್ಮ ರಾಣೀನ ಇಳಿಸಿದ್ಯಾ?"

"ನಾನೊಬ್ಬನೇ ಮಾಡಿದ್ನಾ?"

"ನಾನು ಹಾಲು ಕೊಟ್ಟಿದ್ದು ನಿನ್ನೊಬ್ಬನಿಗೇ ಕಣೋ."

ಆದರೂ ಅವಳು ಆಸೆ ಬಿಡಲಿಲ್ಲ. ದ್ವೀಪವನ್ನು ಸೇರಿಸಿಕೊಳ್ಳಲು ಅಮೆರಿಕ ಇನ್ನೂ ಒಪ್ಪಿರಲಿಲ್ಲ. ನಮ್ಮನ್ನು ಸೇರಿಸಿಕೊಳ್ಳಬೇಡಿ ಎಂದು ಕಣಿವೆಯವರೆಲ್ಲ ಸಹಿ ಹಾಕುವಾಗ ಅವಳೂ ಹಾಕಿದಳು. ರಾಣಿ ಮರಳಿದರೆ ನಿಂತ ತೀರ್ಪು ಓದುತ್ತಾರೆ, ಹೊಳೆ ಮರಳುತ್ತದೆ. ಅಲ್ಲಿಯವರೆಗೆ ಎಂದು ಕುಡಿಯುವ ನೀರನ್ನೇ ಹೊತ್ತು ತಂದು ಒಂದು ಮೂಲೆಯ ಕೆಸುವನ್ನು ಬದುಕಿಸಿಕೊಂಡಿದ್ದಳು.

ರಾಣಿ ಇಳಿದ ಐದು ವರ್ಷಕ್ಕೆ ಅಮೆರಿಕಕ್ಕೆ ಸ್ಪೇನಿನ ಜೊತೆ ಯುದ್ಧ ಬಿತ್ತು, ಅವರ ಹಡಗುಗಳಿಗೆ ಈ ಬಂದರು ಬೇಕಾಯಿತು. ಆ ಆಗಸ್ಟಿನಲ್ಲಿ ರಾಣಿಯ ಅರಮನೆಯ ಮೇಲಿನ ಬಾವುಟ ಇಳಿದು ಅಮೆರಿಕದ್ದು ಏರಿತು.

ಆ ವಾರವೇ ವಾಲಕಾ ಬಂದ.

"ಕನಿಹೋ ಅಪ್ಪಂಗೆ ಹೇಳಿ ದೂರು ವಾಪಸ್ ತೆಗೆಸು ಅವ್ವ. ಇನ್ನು ಕೋರ್ಟೂ ನಮ್ದೇ, ಗೆಲ್ಲಲ್ಲ ನೀವು. ಬೆಳಗಿನ ನೀರು ನಾನೇ ಬಿಡ್ತೀನಿ, ನೀನಿರೋವರೆಗೂ."

"ಪಕ್ಕದ ಗದ್ದೆಯೋರಿಗೆ?"

"ನಿನಗೆ ಅಂತ ಹೇಳ್ತಿದೀನಿ."

"ನಮ್ಮ ನೀರನ್ನ ನಮಗೇ ದಾನ ಕೊಡೋಕೆ ಬಂದ್ಯಾ?" ಎಂದಳು. ಬೈಯಲಿಲ್ಲ, ಕೂರು ಎನ್ನಲೂ ಇಲ್ಲ.

ಮರುದಿನ ಬೆಳಿಗ್ಗೆ ಗಂಡಹೆಂಡತಿ ಉಳಿದ ಕೆಸುವನ್ನು ಕಿತ್ತರು. ಗಡ್ಡೆ ಕತ್ತರಿಸಿ, ದಂಟಿನ ಸಮೇತ ತುದಿಗಳನ್ನು ನಾಟಿಗೆಂದು ಒದ್ದೆ ಗೋಣಿಯಲ್ಲಿ ಸುತ್ತಿದಳು. ಗುಡ್ಡದ ಆಚೆ ತಂಗಿಯ ಊರು. ಕಬ್ಬು ಬೆಳೆಯಲಾಗದಷ್ಟು ಕಡಿದಾದ ಜಾಗ; ಅಲ್ಲಿ ತೊರೆ ಇನ್ನೂ ಹರಿಯುತ್ತಿತ್ತು.

ದಾರಿಯಲ್ಲಿ ವಾಲಕಾ ಗಾಡಿ ನಿಲ್ಲಿಸಿದ. "ಕೊಡವ್ವ, ಗುಡ್ಡದ ಬುಡದವರೆಗೂ ಬಿಡ್ತೀನಿ," ಎಂದು ಗಂಟಿಗೆ ಕೈಯಿಟ್ಟ.

ಅವಳು ಗಂಟನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡಳು. "ದಾರಿ ಬಿಡು," ಎಂದಳು.

ಹಿಂದಿನಿಂದ ಅವನು ಕರೆದ. ಕನಿಹೋ ತಿರುಗಿ ನೋಡಿದ. ಅವಳು ನೋಡಲಿಲ್ಲ. ಬಿಸಿಲೇರುವ ಮೊದಲು ಗುಡ್ಡ ದಾಟದಿದ್ದರೆ ತುದಿಗಳು ಬಾಡುತ್ತಿದ್ದವು.