ಹಿತ್ತಲಿಗೆ ಹೊರಟ ಲೋಸಿವಾಲೆ

ಸಮೋವಾದ ಸವಾಯಿ ದ್ವೀಪದ ಒಂದು ಊರಿನಲ್ಲಿ ಚಾಪೆ ಹೆಣೆಯುವುದರಲ್ಲಿ ಲೋಸಿವಾಲೆಯನ್ನು ಮೀರಿಸಿದವರಿರಲಿಲ್ಲ. ಬೇರೆಯವರ ಚಾಪೆಯಲ್ಲಿ ಹುಳುಕು ಹುಡುಕುವುದರಲ್ಲೂ ಅಷ್ಟೇ. ಲಕ್ವ ಹೊಡೆದು ಬಲಗೈ, ಬಲಗಾಲು ಸೋತ ಮೇಲೆ ಮೊದಲನೆಯ ಕೆಲಸ ನಿಂತಿತು. ಎರಡನೆಯದು ಮಲಗಿದಲ್ಲಿಂದಲೇ ನಡೆಯುತ್ತಿತ್ತು.

ಆಸ್ಪತ್ರೆಯಿಂದ ಮನೆಗೆ ಬಂದವಳಿಗೆ ಬೇಕಾಗಿದ್ದದ್ದು ಒಂದೇ, ಹಿತ್ತಲ ಕಕ್ಕಸಿಗೆ ಒಬ್ಬಳೇ ಹೋಗಿಬರುವುದು. ಸೊಸೆ ಫಿಪೆ ಒಳ್ಳೆಯವಳು. ಎಷ್ಟು ಒಳ್ಳೆಯವಳೆಂದರೆ ಅತ್ತೆಯ ಜೊತೆ ಒಳಗೂ ಬಂದು ನಿಲ್ಲುತ್ತಿದ್ದಳು.

"ನನ್ನ ಗಂಡಂಗೂ ಇಷ್ಟು ಸಲುಗೆ ಕೊಟ್ಟಿರ್ಲಿಲ್ಲ ಕಣೇ" ಎಂದು ಲೋಸಿವಾಲೆ ದಿನವೂ ಗೊಣಗುತ್ತಿದ್ದಳು.

ವ್ಯಾಯಾಮ ಮಾಡಿಸಲು ಬರುತ್ತಿದ್ದ ನರ್ಸ್ ಸಿನೆವಾಗೆ ಒಂದು ಸಂಗತಿ ಬಗೆಹರಿಯಲಿಲ್ಲ. ಬೆಳಿಗ್ಗೆ ಅಂಗಳದಲ್ಲಿ ಕೋಲೂರಿಕೊಂಡು ನೆಟ್ಟಗೆ ನಡೆಯುವ ಹೆಂಗಸು ಸಂಜೆ ಮನೆಯೊಳಗೆ ಮುಗ್ಗರಿಸುವುದೇಕೆ? ಒಂದು ಸಂಜೆ ಅವಳೇ ಬಂದು ನೋಡಿದಳು. ಗೋಡೆಯಿಲ್ಲದ ಮನೆ. ಸುತ್ತಲೂ ಕಂಬಕ್ಕೊಬ್ಬರಂತೆ ಊರ ಹಿರಿಯರು ಕಾಲು ಮಡಿಚಿ ಕೂತಿದ್ದರು. ರೋಗಿಯನ್ನು ನೋಡಲು ದಿನಾ ಸಂಜೆ ಬೇಯಿಸಿದ ಕೆಸುವಿನ ಗೆಡ್ಡೆ ಹೊತ್ತು ಬಂದವರು. ಕೂತವರ ನಡುವೆ ತಲೆಯೆತ್ತಿ ನಡೆದುಹೋಗುವಷ್ಟು ಮಾನಗೆಟ್ಟವರು ಸಮೋವಾದಲ್ಲಿ ಇನ್ನೂ ಹುಟ್ಟಿಲ್ಲ. ಲೋಸಿವಾಲೆ ಎದ್ದಳು, ಸೊಂಟ ಬಗ್ಗಿಸಿದಳು, "ಅಡ್ಡ ಬಂದೆ, ಕ್ಷಮಿಸಿ" ಎಂದಳು, ಗೆಡ್ಡೆಯ ಬುಟ್ಟಿಯ ಮೇಲೆ ಬಿದ್ದಳು.

"ನಡೆಯುವಾಗ ಬಗ್ಗಬೇಡಿ ಅಂತ ದಿನಾ ಬೆಳಿಗ್ಗೆ ಎಷ್ಟು ಬಡ್ಕೊಂಡೆ ಲೋಸಿ ಅಕ್ಕಾ!" ಎಂದು ಸಿನೆವಾ ಅವಳನ್ನು ಎಬ್ಬಿಸಿದಳು. ಎಬ್ಬಿಸಲು ಅವಳೂ ಬಗ್ಗಿಕೊಂಡೇ ಓಡಿಬಂದಿದ್ದಳು.

"ನಾನೆಲ್ಲಿ ಬಗ್ಗಿದೆ? ಬೆನ್ನೇ ಬಗ್ಗತ್ತೆ."

"ನೆಟ್ಟಗೇ ಹೋಗಮ್ಮ, ನಾವೇನೂ ಅಂದ್ಕೊಳಲ್ಲ" ಎಂದ ಫಾತು. ಅವನು ಲೋಸಿವಾಲೆಯ ಗಂಡನ ಅಣ್ಣ, ಊರ ಮುಖಂಡ.

"ಈಗ ಹೀಗಂತೀರ ಭಾವ. ನಾಳೆ ಊರೆಲ್ಲ ಆಡ್ಕೋತೀರ."

ಮಾತು ನಿಜವಾದ್ದರಿಂದ ಫಾತು ಗೆಡ್ಡೆಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದ.

"ಹಾಗಾದ್ರೆ ನೀವೇ ಏಳಿ" ಎಂದು ಸಿನೆವಾ ಹಿರಿಯರತ್ತ ತಿರುಗಿದಳು. "ಕೂತೋರೇ ಇಲ್ಲ ಅಂದ್ಮೇಲೆ ಬಗ್ಗೋದು ಯಾರಿಗೆ?"

ಫಾತು ಸುತ್ತ ಕೂತವರನ್ನೊಮ್ಮೆ ನೋಡಿದ. ಆಮೇಲೆ ಪಾದ್ರಿಗಳು ಬಂದಾಗ ಏಳುವಷ್ಟೇ ಗಂಭೀರವಾಗಿ, ಮಂಡಿ ಹಿಡಿದುಕೊಂಡು ಎದ್ದ. ಉಳಿದವರೂ ಎದ್ದರು. ತಾನು ಕಕ್ಕಸಿಗೆ ಹೋಗುವುದಕ್ಕೆ ಇಡೀ ಊರು ಎದ್ದು ನಿಂತದ್ದು ಕಂಡು ಲೋಸಿವಾಲೆಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆದರೆ ತಡೆದುಕೊಳ್ಳುವ ಹಾಗೂ ಇರಲಿಲ್ಲ. ಕೋಲೂರಿ ಹೊರಟಳು. ಬೆನ್ನು ಬಗ್ಗಲಿಲ್ಲ. ಹಿಂದೆಯೇ ಹೊರಟ ಫಿಪೆಯನ್ನು ಸಿನೆವಾ ರಟ್ಟೆ ಹಿಡಿದು ನಿಲ್ಲಿಸಿದಳು. ಹಿತ್ತಲಲ್ಲಿ ಬಾಗಿಲು ಮುಚ್ಚಿತು, ಒಳಗಿನಿಂದ ಚಿಲಕ ಬಿತ್ತು.

ಬಹಳ ಹೊತ್ತಾದರೂ ಬಾಗಿಲು ತೆರೆಯಲಿಲ್ಲ. ಫಿಪೆ ಕೈ ಬಿಡಿಸಿಕೊಂಡು ಓಡಿದಳು.

"ಅತ್ತೇ, ಬಿದ್ರಾ?"

"ಇಲ್ಲ."

"ಮತ್ತೆ ಏನ್ ಮಾಡ್ತಿದೀರ?"

"ಕೆಲಸ ಆಯ್ತು. ಸುಮ್ನೆ ಕೂತಿದೀನಿ." ಚಿಲಕ ತೆಗೆಯುವ ಸದ್ದಿಲ್ಲ. "ಒಬ್ಳೇ ಕೂತು ಎಷ್ಟು ದಿನ ಆಯ್ತೇ."

ಫಿಪೆ ಬಂದು ಹಿರಿಯರಿಗೆ ಅದನ್ನೇ ಹೇಳಿದಳು. ಅಷ್ಟು ಹೊತ್ತು ನಿಂತು ಫಾತುವಿನ ಮಂಡಿ ನೋಯುತ್ತಿತ್ತು.

"ಕೂತಿರ್ಲಿ ಬಿಡು" ಎಂದು ಅವನು, ಅವಳು ನೆಟ್ಟಗೆ ಮರಳಿ ಬರಲೆಂದು, ನಿಂತೇ ಇದ್ದ.